ಅರವತ್ತು ಹೆಜ್ಜೆಯ ತಂತಿ

ಆ ಊರಿನ ಬೀದಿಯಲ್ಲಿ ಯಾರೂ ನಿಲ್ಲುವ ಹಾಗಿರಲಿಲ್ಲ.

ನಡೆಯಬಹುದಿತ್ತು, ಓಡಬಹುದಿತ್ತು, ಬೇಕಾದರೆ ಆಮೆಯ ಹಾಗೆ ಹೆಜ್ಜೆ ಹಾಕಬಹುದಿತ್ತು. ನಿಲ್ಲುವುದು ಮಾತ್ರ ಇಲ್ಲ. ದಣಿದವರು ಯಾವ ಮನೆಗಾದರೂ ಹೊಕ್ಕು ಕೂರಬಹುದು. ಹಗಲೆಲ್ಲ ಬಾಗಿಲುಗಳು ತೆರೆದೇ ಇರುತ್ತಿದ್ದವು. ಕೊಳ್ಳುವವರು ಅಂಗಡಿಯ ಒಳಗೆ ಹೋಗಿ ಕೊಳ್ಳುತ್ತಿದ್ದರು. ಮದುವೆಯ ದಿಬ್ಬಣ ಹೆಣ್ಣಿನ ಮನೆಯ ಮುಂದೆ ಸುತ್ತು ಹಾಕುತ್ತಲೇ ಇರುತ್ತಿತ್ತು, ಒಳಗಿನಿಂದ ಆರತಿ ಬರುವ ತನಕ. ಹೆಣ ಹೊತ್ತವರು ಹೆಗಲು ಬದಲಿಸುವಾಗಲೂ ನಡೆಯುತ್ತಲೇ ಬದಲಿಸುತ್ತಿದ್ದರು.

ಈ ಕಟ್ಟಳೆ ಯಾಕೆ ಬಂತು ಎಂದು ಕೇಳಿದರೆ ಹಿರಿಯರು ಒಂದೇ ಕತೆ ಹೇಳುತ್ತಿದ್ದರು. ಬಹಳ ಹಿಂದೆ ಒಬ್ಬ ಬೀದಿಯ ನಡುವೆ ನಿಂತು ಮೇಲೆ ನೋಡಿದನಂತೆ. ಇವನು ಏನು ನೋಡುತ್ತಿದ್ದಾನೆ ಎಂದು ಇನ್ನೊಬ್ಬ ನಿಂತ. ಅವರಿಬ್ಬರನ್ನು ಕಂಡು ಹತ್ತು ಜನ ನಿಂತರು. ಸಂಜೆಯ ಹೊತ್ತಿಗೆ ಊರೇ ನಿಂತಿತ್ತು. ಒಲೆಗಳು ಆರಿದವು, ಕಟ್ಟಿದ ದನ ಒದರಿದವು, ತೊಟ್ಟಿಲ ಕೂಸುಗಳು ಅತ್ತು ಅತ್ತು ಸುಮ್ಮನಾದವು, ಯಾರಿಗೂ ಕಾಲು ಕೀಳಲಾಗಲಿಲ್ಲ. ಮೂರನೆಯ ದಿನ ಆಲಿಕಲ್ಲು ಬಿದ್ದು ಎಲ್ಲರನ್ನೂ ಎಬ್ಬಿಸಿತಂತೆ. ಅಂದಿನಿಂದ ಬೀದಿಗೊಬ್ಬ ಬೆತ್ತದವನು. ಯಾರಾದರೂ ನಿಂತರೆ ಅವನು ಮೂರು ಸಲ "ನಡೀರಿ" ಅನ್ನುವನು. ಮೂರನೆಯದಕ್ಕೂ ಕಾಲು ಏಳದಿದ್ದರೆ ರಟ್ಟೆ ಹಿಡಿದು ಹೊಳೆಯ ಸೇತುವೆ ದಾಟಿಸಿ ಬರುವನು. ದಾಟಿಸಿದವರು ಮತ್ತೆ ಊರಿಗೆ ಕಾಲಿಡುವ ಹಾಗಿಲ್ಲ.

ಅಂಥ ಊರಿಗೆ ಒಬ್ಬಳು ಬಂದಳು. ನಲವತ್ತು ದಾಟಿದ ಹೆಂಗಸು. ಹೆಗಲ ಮೇಲೆ ಸುರುಳಿ ಸುತ್ತಿದ ಉಕ್ಕಿನ ತಂತಿ, ಬೆನ್ನಿಗೆ ಹಲಸಿನ ಮರದ ಪೆಟ್ಟಿಗೆ, ಸೊಂಟದ ಚೀಲದಲ್ಲಿ ರಾಳದ ಪುಡಿ.

ಅವಳ ವಾದ್ಯವನ್ನು ಅವಳೇ ಕಟ್ಟಿಕೊಂಡಿದ್ದಳು. ಪೆಟ್ಟಿಗೆಯನ್ನು ಗೋಡೆಗೆ ಬಿಗಿಯುವಳು. ತಂತಿಯ ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ತುದಿ ಅರವತ್ತು ಹೆಜ್ಜೆ ಆಚೆಯ ಗೂಟಕ್ಕೆ. ನಡುವೆ ತಂತಿ ಸೊಂಟದೆತ್ತರಕ್ಕೆ ಬಿಗಿಯಾಗಿ ನಿಲ್ಲುವುದು. ಬೆರಳಿಗೆ ರಾಳ ಹಚ್ಚಿಕೊಂಡು, ತಂತಿಯನ್ನು ಎರಡು ಬೆರಳ ನಡುವೆ ಹಿಡಿದು, ಉದ್ದಕ್ಕೂ ಉಜ್ಜುತ್ತ ನಡೆಯುವಳು. ಮೀಟುವುದಿಲ್ಲ, ಬಡಿಯುವುದಿಲ್ಲ. ನಡೆದಷ್ಟು ಹೊತ್ತು ನಾದ, ನಿಂತರೆ ಇಲ್ಲ.

ಬೇರೆ ಊರುಗಳಲ್ಲಿ ಜನ ಅವಳ ಸುತ್ತ ನಿಂತು ನೋಡಿದ್ದರು. ಇದಕ್ಕೆ ತಾಳವೆಲ್ಲಿ, ರಾಗವೆಲ್ಲಿ ಎಂದು ಕೇಳಿದ್ದರು. ಹಾಡು ಯಾವಾಗ ಶುರುವಾಗುತ್ತದೆ ಎಂದು ಕಾದಿದ್ದರು. ಆಮೇಲೆ ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. ಎಲ್ಲಕ್ಕಿಂತ ಅದೇ ಅವಳಿಗೆ ತಾಳಲಾಗದ್ದು: ಬಂದು ನಿಂತವರ ಬೆನ್ನು ನೋಡುವುದು. ಯಾರೂ ನಿಲ್ಲದ ಊರೊಂದಿದೆ ಎಂದು ಕೇಳಿದ ದಿನವೇ ಅವಳು ತಂತಿ ಸುತ್ತಿಕೊಂಡು ಹೊರಟಿದ್ದಳು. ನಿಲ್ಲದವರು ಬಿಟ್ಟುಹೋಗುವುದೂ ಇಲ್ಲವಲ್ಲ.

ಬೆತ್ತದವನು ಅವಳ ವಾದ್ಯದ ಸುತ್ತ ಎರಡು ಸುತ್ತು ನಡೆದು ನೋಡಿದ.

"ಇದನ್ನ ನುಡಿಸೂವಾಗ ನೀ ನಿಲ್ತೀಯೇನವ್ವಾ?"

"ಇಲ್ಲಣ್ಣಾ. ನಿಂತ್ರ ನುಡಿಯೂದಿಲ್ಲ."

"ಹಂಗಾದ್ರ ನಂದೇನೂ ತಕರಾರಿಲ್ಲ" ಎಂದು ಅವನು ಎರಡು ಉಗ್ರಾಣಗಳ ನಡುವಿನ ಬೀದಿಯನ್ನು ತೋರಿಸಿದ. ಎರಡೂ ಕಡೆ ಉಗ್ರಾಣಗಳ ಹಿಂಗೋಡೆ. ಒಂದು ಬಾಗಿಲಿಲ್ಲ, ಒಂದು ಕಿಟಕಿಯಿಲ್ಲ. ಅಲ್ಲಿ ಅವಳು ತಂತಿ ಕಟ್ಟಿದಳು. ಜನ ಅವಳನ್ನು ತಂತಿಯವಳು ಎಂದರು.

ಒಂಬತ್ತು ವರ್ಷ ತಂತಿಯವಳು ಆ ಬೀದಿಯಲ್ಲಿ ನಡೆದಳು. ಬೆಳಿಗ್ಗೆ ಪೆಟ್ಟಿಗೆಯಿಂದ ಗೂಟಕ್ಕೆ ಅರವತ್ತು ಹೆಜ್ಜೆ, ಗೂಟದಿಂದ ಪೆಟ್ಟಿಗೆಗೆ ಅರವತ್ತು ಹೆಜ್ಜೆ. ಬಿಸಿಲೇರಿದರೆ ತಂತಿ ಸಡಿಲಾಗಿ ನಾದ ಇಳಿಯುವುದು, ಚಳಿಗೆ ಬಿಗಿದು ಏರುವುದು. ಎತ್ತಿನ ಗಾಡಿ ಹಾದರೆ ಚಕ್ರದ ನಡುಕ ನೆಲದಿಂದ ಗೂಟಕ್ಕೆ ಹತ್ತಿ, ತಂತಿಗೆ ಬಂದು, ಅವಳ ಬೆರಳ ಕೆಳಗೆ ಗುಂಯ್‌ಗುಡುವುದು. ಅವಳು ಅದನ್ನೂ ಸೇರಿಸಿಕೊಂಡು ನಡೆಯುವಳು. ಜನ ಬರುವರು, ಹೋಗುವರು. ಬೀದಿ ದಾಟುವಷ್ಟು ಹೊತ್ತು ಕೇಳಿಸಿದ್ದು ಅವರದು. ಒಬ್ಬನಿಗೆ ಅದು ಬಾವಿಯೊಳಗಿನ ಜೇನಿನಂತೆ, ಇನ್ನೊಬ್ಬಳಿಗೆ ಬಡಿದು ಬಿಟ್ಟ ಹಿತ್ತಾಳೆ ಹಂಡೆಯಂತೆ. ಅದರ ಮೊದಲು ಯಾರೂ ಕೇಳಲಿಲ್ಲ, ಕೊನೆಯೂ ಯಾರಿಗೂ ಸಿಗಲಿಲ್ಲ.

ದಿನಕ್ಕೆ ಮೂರು ಸಲ ಹಾಯುತ್ತಿದ್ದ ರೊಟ್ಟಿಯ ಮುದುಕಿ ಮಾತ್ರ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ನಡೆಯುತ್ತಲೇ, ಪೆಟ್ಟಿಗೆಯ ಮೇಲೆ ಇಟ್ಟುಹೋಗುವಳು. "ಉಣ್ಣು ಮಗಳ" ಅನ್ನುವಷ್ಟರಲ್ಲಿ ಅವಳ ಬೆನ್ನು ತಿರುಗಿರುತ್ತಿತ್ತು. ಒಂಬತ್ತು ವರ್ಷದಲ್ಲಿ ತಂತಿಯವಳ ಜೊತೆ ಊರು ಆಡಿದ ಮಾತು ಹೆಚ್ಚುಕಡಿಮೆ ಅಷ್ಟೇ.

ಒಂಬತ್ತನೆಯ ವರ್ಷ ಮಾಗಿಯ ಒಂದು ಬೆಳಿಗ್ಗೆ ಬೀಗ ರಿಪೇರಿ ಮಾಡುವ ಮುರಿಗೆಪ್ಪ ಆ ಬೀದಿಗೆ ಬಂದ. ಪ್ರತಿದಿನ ಬರುವವನೇ. ಸೊಂಟಕ್ಕೆ ಕಟ್ಟಿದ ಕೀಲಿಕೈ ಗೊಂಚಲು ಹೆಜ್ಜೆಗೊಮ್ಮೆ ಝಲ್ ಅನ್ನುತ್ತಿತ್ತು. ತಂತಿಯವಳಿಗೆ ಅದೂ ರೂಢಿಯಾಗಿತ್ತು. ಅವಳು ಗೂಟದ ಕಡೆ ನಡೆಯುತ್ತಿದ್ದಳು. ಬೆನ್ನ ಹಿಂದೆ ಝಲ್, ಝಲ್, ಝಲ್. ಆಮೇಲೆ ಇಲ್ಲ.

ಗೂಟ ಮುಟ್ಟಿ ತಿರುಗಿದಾಗ ನೋಡುತ್ತಾಳೆ, ಮುರಿಗೆಪ್ಪ ಬೀದಿಯ ನಡುವೆ ನಿಂತಿದ್ದಾನೆ. ಒಂದು ಕೈ ಕೀಲಿಕೈ ಗೊಂಚಲನ್ನು ಸದ್ದಾಗದಂತೆ ಅದುಮಿ ಹಿಡಿದಿದೆ. ತಲೆ ಒಂದು ಪಕ್ಕಕ್ಕೆ ಸ್ವಲ್ಪ ವಾಲಿದೆ.

"ನಡೀರಿ ಮುರಿಗೆಪ್ಪಾ" ಎಂದ ಬೆತ್ತದವನು.

ತಂತಿಯವಳ ಬೆರಳು ತಂತಿಯ ಮೇಲೆ ಇತ್ತು. ಬೆರಳು ಎತ್ತಿದ್ದರೆ ನಾದ ನಿಲ್ಲುತ್ತಿತ್ತು. ನಾದ ನಿಂತರೆ ಅವನು ನಡೆಯುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಅವಳು ಎತ್ತಲಿಲ್ಲ. ಅವನ ಕಡೆಗೆ ನುಡಿಸುತ್ತ ನಡೆದಳು, ಒಂದು ಹೆಜ್ಜೆಯನ್ನೂ ಅವಸರ ಮಾಡದೆ.

"ನಡೀರಿ, ಮುರಿಗೆಪ್ಪಾ." ಈ ಸಲ ಬೆತ್ತದವನ ದನಿ ಗದರಿಕೆಯಾಗಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು.

ಅವಳು ಮುರಿಗೆಪ್ಪನ ಪಕ್ಕದಲ್ಲೇ ಹಾದುಹೋದಳು. ಅವನ ಉಸಿರು ಕೇಳಿಸುವಷ್ಟು ಹತ್ತಿರ. ಪೆಟ್ಟಿಗೆ ಮುಟ್ಟುವ ತನಕ ನುಡಿಸಿದಳು. ಮೂರನೆಯ ಕೂಗು ಅವಳ ಬೆನ್ನ ಹಿಂದೆ ಬಿತ್ತು. ತಿರುಗುವಷ್ಟರಲ್ಲಿ ಬೆತ್ತದವನು ಮುರಿಗೆಪ್ಪನ ರಟ್ಟೆ ಹಿಡಿದಿದ್ದ. ಮುರಿಗೆಪ್ಪ ಜಗ್ಗಾಡಲಿಲ್ಲ. ನಿದ್ದೆಗಣ್ಣಿನವನ ಹಾಗೆ ಅವನ ಜೊತೆ ನಡೆದುಹೋದ.

ಮೂರನೆಯ ದಿನ ಮುರಿಗೆಪ್ಪನ ಹೆಂಡತಿ ದಾನವ್ವ ಬಂದಳು. ಸೇತುವೆಯ ಆಚೆ ದಾರಿ ಮೂರಾಗಿ ಒಡೆಯುವಲ್ಲಿಗೆ ಹೋಗಿ ನೋಡಿ ಬಂದಿದ್ದಳು. ಯಾವ ದಾರಿಯಲ್ಲೂ ಅವನ ಹೆಜ್ಜೆ ಕಂಡಿರಲಿಲ್ಲ. ಅವಳು ತಂತಿಯವಳ ಪಕ್ಕದಲ್ಲಿ, ತಂತಿಯ ಈಚೆಗೆ, ಹೆಜ್ಜೆಗೆ ಹೆಜ್ಜೆ ಹಾಕುತ್ತ ಕೇಳಿದಳು.

"ಅಕ್ಕಾ, ಅವತ್ತ ಏನ್ ನುಡಿಸಿದಿ?"

"ದಿನಾ ನುಡಿಸೂದನ್ನ ನುಡಿಸಿದೆ."

"ದಿನಾ ಅವರು ನಿಲ್ಲಲಿಲ್ಲಲ್ಲ. ಅವತ್ತಿಂದು ನನಗ ಕೇಳಸು."

"ಅದು ಹಂಗ ಬರೂದಿಲ್ಲ ತಂಗೀ. ಅವತ್ತಿನ ಚಳಿ ಬ್ಯಾರೆ, ಗಾಡಿ ಬ್ಯಾರೆ. ನನಗ ನೆನಪಿಲ್ಲ."

ದಾನವ್ವ ಬೀದಿಯ ಕೊನೆ ಮುಟ್ಟಿ ಹೋದಳು. ಮರುದಿನ ಮತ್ತೆ ಬಂದಳು. ಅದರ ಮರುದಿನವೂ ಬಂದಳು. ಮಾತಾಡಲಿಲ್ಲ. ಗಂಡನ ಕೆಲಸ ಅವಳೇ ಹಿಡಿದಿದ್ದಳು. ಕೈಯಲ್ಲಿ ಯಾರದೋ ಪೆಟ್ಟಿಗೆಯ ಬೀಗ ಇರುತ್ತಿತ್ತು, ಅದನ್ನು ತಿರುವುತ್ತ, ತಲೆ ತಗ್ಗಿಸಿ, ಆ ಬೀದಿಯನ್ನು ಎಷ್ಟು ನಿಧಾನಕ್ಕೆ ದಾಟಬಹುದೋ ಅಷ್ಟು ನಿಧಾನಕ್ಕೆ ದಾಟುತ್ತಿದ್ದಳು. ತಂತಿಯವಳು ಅವಳಿಗಾಗಿ ಬೆರಳನ್ನು ಬಿಗಿ ಮಾಡಿದಳು, ಸಡಿಲ ಮಾಡಿದಳು. ಆವತ್ತಿನ ಬೆಳಿಗ್ಗೆಯನ್ನು ಬೆರಳ ತುದಿಯಲ್ಲಿ ಹುಡುಕಿದಳು. ದಾನವ್ವನ ಹೆಜ್ಜೆ ಒಮ್ಮೆಯೂ ತಡೆಯಲಿಲ್ಲ.

ಹೀಗೆ ಎರಡು ತಿಂಗಳು. ತಂತಿಯವಳಿಗೆ ಕೂಳು ಸೇರಲಿಲ್ಲ. ರೊಟ್ಟಿಗಳು ಪೆಟ್ಟಿಗೆಯ ಮೇಲೆ ಒಣಗಿದವು. ಹಾದುಹೋಗುವವರು ಈಗ ಅವಳ ಬೀದಿಯಲ್ಲಿ ಕಾಲು ಬೇಗ ಬೇಗ ಹಾಕುತ್ತಿದ್ದರು. ಕೆಲವರು ಕಿವಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಅವರನ್ನು ದೂರುವ ಹಾಗಿರಲಿಲ್ಲ.

ಒಂದು ಮಧ್ಯಾಹ್ನ ದಾನವ್ವ ಪಕ್ಕಕ್ಕೆ ಬಂದಾಗ ತಂತಿಯವಳು ಬೆರಳು ಎತ್ತಿಬಿಟ್ಟಳು. ಸದ್ದಿಲ್ಲದ ತಂತಿಯ ಆಚೆ ಒಬ್ಬಳು, ಈಚೆ ಒಬ್ಬಳು ನಡೆದರು.

"ತಂಗೀ, ನಾ ಈ ಊರು ಬಿಡ್ತೀನಿ. ಹೋಗೂಕಿಂತ ಮುಂಚೆ ನಿನಗ ಒಂದು ಮಾತು ಹೇಳಬೇಕು. ಅವತ್ತ ಬೆತ್ತದಣ್ಣ ಮೊದಲನೇ ಸಲ ಕೂಗಿದಾಗ ನಾ ಕೈ ಬಿಟ್ಟಿದ್ರ ಸಾಕಿತ್ತು. ನಿನ್ನ ಗಂಡ ನಡೀತಿದ್ರು. ಎರಡನೇ ಸಲ ಕೂಗಿದಾಗ್ಲೂ ಬಿಡಬಹುದಿತ್ತು. ಬಿಡಲಿಲ್ಲ ನಾನು."

ದಾನವ್ವ ಕೈಯಲ್ಲಿದ್ದ ಬೀಗವನ್ನು ತಿರುವುತ್ತ ಏಳೆಂಟು ಹೆಜ್ಜೆ ನಡೆದಳು.

"ಯಾಕ?"

"ಯಾರೋ ಒಬ್ರು ನಿಂತು ಕೇಳಾಕತ್ತಿದ್ರು."

ದಾನವ್ವನ ಕೈಯಲ್ಲಿದ್ದ ಬೀಗ ತಂತಿಗೆ ತಾಗಿ ಖಣ್ ಎಂದಿತು. ಅವಳು ಬೀದಿಯ ತುದಿಯವರೆಗೆ ಹೋಗಿ ಹೊರಳಿ ಹೊರಟುಹೋದಳು. ಮರುದಿನ ಬರಲಿಲ್ಲ. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ತಂತಿಯವಳು ಗೂಟ ಕೀಳಲು ಅದರ ಸುತ್ತ ನಡೆಯುತ್ತ ಅಲುಗಿಸುತ್ತಿದ್ದಾಗ ದಾನವ್ವ ಎದುರಿಗೆ ನಡೆದು ಬಂದಳು. ಕಣ್ಣು ಊದಿಕೊಂಡಿತ್ತು, ದನಿ ಗಟ್ಟಿಯಾಗಿತ್ತು.

"ಹೋಗೂದಿದ್ರ ಹೋಗು. ನಾ ಹಿಡಿಯೂದಿಲ್ಲ. ಆದ್ರ ಒಮ್ಮೆ ನನಗ ಪೂರಾ ಕೇಳಸಿ ಹೋಗು. ಮುಂಜಾನಿಂದ ಹೊತ್ತು ಮುಳುಗೂ ತನಕ. ನಡಕೋತ ಕೇಳಿ ಕೇಳಿ ನನಗ ಸಾಕಾಗೇತಿ."

"ಬೀದ್ಯಾಗ ಹೆಂಗ ಕೇಳ್ತಿ?"

"ಬೀದ್ಯಾಗ ಯಾಕ? ತಂತಿ ನಮ್ಮ ಮನಿಗೆ ಕಟ್ಟು."

ತಂತಿಯವಳು ಬೆತ್ತದವನನ್ನು ನೋಡಿದಳು. ಅವನು ಆ ಬೀದಿಯಲ್ಲೇ ಹಿಂದೆ ಮುಂದೆ ನಡೆಯುತ್ತ ಎಲ್ಲ ಕೇಳಿಸಿಕೊಂಡಿದ್ದ.

"ಬೀದ್ಯಾಗ ನಿಲ್ಲಬಾರದು ಅಂತ ಐತಿ" ಎಂದ ಅವನು ತಲೆ ಎತ್ತದೆ. "ಮನ್ಯಾಗ ಕುಂತು ಕೇಳಬಾರದು ಅಂತ ಎಲ್ಲೂ ಇಲ್ಲ."

ದಾನವ್ವನ ಮನೆ ಒಂದು ಉದ್ದನೆಯ ಓಣಿಯ ತುದಿಯಲ್ಲಿತ್ತು. ತಂತಿಯವಳು ಓಣಿಯ ಇನ್ನೊಂದು ತುದಿಯ ಕಲ್ಲುಗೂಟದಿಂದ ತಂತಿ ಎಳೆದು, ಕಿಟಕಿಯ ಸರಳುಗಳ ನಡುವೆ ಒಳಗೆ ತೂರಿಸಿ, ನಡುಮನೆಯ ತೇಗದ ಕಂಬಕ್ಕೆ ಬಿಗಿದಳು. ಪೆಟ್ಟಿಗೆ ಬೇಕಾಗಲಿಲ್ಲ. ಕಂಬದಿಂದ ನಾದ ತೊಲೆಗೆ ಹತ್ತುವುದು, ತೊಲೆಯಿಂದ ಜಂತಿಗಳಿಗೆ, ಜಂತಿಗಳಿಂದ ಅಟ್ಟದ ಹಲಗೆಗಳಿಗೆ. ಮನೆಯೇ ಪೆಟ್ಟಿಗೆಯಾಗುವುದು. ಆದರೆ ಹಾಗಾದಾಗ ನಾದವೆಲ್ಲ ಒಳಗೇ ಉಳಿದು, ಹೊರಗಿನ ಓಣಿಯಲ್ಲಿ ಕೇಳುವುದು ಬೆರಳು ತಂತಿಗೆ ಉಜ್ಜುವ ಸಣ್ಣ ಸರಸರ ಅಷ್ಟೇ. ತಂತಿಯವಳಿಗೆ ಇದು ಗೊತ್ತಿತ್ತು. ಹೇಳಲಿಲ್ಲ.

ಮರುದಿನ ಸೂರ್ಯ ಹುಟ್ಟುತ್ತಲೇ ಅವಳು ನಡೆಯಲು ಶುರುಮಾಡಿದಳು. ದಾನವ್ವ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದಳು. ಕಿಟಕಿಯಿಂದ ಅವಳ ಸೆರಗಿನ ತುದಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ನೆರೆಮನೆಯವಳು ಏನೋ ಕೇಳಲು ಒಳಗೆ ಹೋದವಳು ಹೊರಗೆ ಬರಲಿಲ್ಲ. ಅವಳನ್ನು ಹುಡುಕಿ ಹೋದ ಅವಳ ಗಂಡನೂ ಬರಲಿಲ್ಲ. ರೊಟ್ಟಿಯ ಮುದುಕಿ ಬುಟ್ಟಿಸಮೇತ ಹೊಸ್ತಿಲು ದಾಟಿದಳು. ಮಗ್ಗದವರು ಬಂದರು, ಗಾಡಿ ಹೊಡೆಯುವವರು ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಬಂದರು, ಬಾಣಂತಿಯೊಬ್ಬಳು ಕೂಸು ಎತ್ತಿಕೊಂಡು ಬಂದಳು. ನಡುಮನೆ ತುಂಬಿತು, ಪಡಸಾಲೆ ತುಂಬಿತು, ಅಟ್ಟದ ಮೆಟ್ಟಿಲ ಮೇಲೂ ಜನ ಕುಳಿತರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಓಣಿಯಲ್ಲಿ ಒಬ್ಬರೂ ಇರಲಿಲ್ಲ.

ಖಾಲಿ ಓಣಿಯಲ್ಲಿ ತಂತಿಯವಳು ನಡೆದಳು. ಗೂಟದಿಂದ ಕಿಟಕಿಗೆ ಐವತ್ತು ಹೆಜ್ಜೆ, ಕಿಟಕಿಯಿಂದ ಗೂಟಕ್ಕೆ ಐವತ್ತು ಹೆಜ್ಜೆ. ಉಳಿದ ಹತ್ತು ಹೆಜ್ಜೆಯ ತಂತಿ ಮನೆಯ ಒಳಗಿತ್ತು. ಬೆರಳು ಸುಟ್ಟಿತು, ಮತ್ತೆ ರಾಳ ಹಚ್ಚಿದಳು. ಗಂಟಲು ಒಣಗಿತು, ನುಂಗಿಕೊಂಡಳು. ಅವಳ ಕಿವಿಗೆ ಬರುತ್ತಿದ್ದದ್ದು ಸರಸರ, ಅವಳದೇ ಉಸಿರು, ಅವಳದೇ ಹೆಜ್ಜೆ. ಕಿಟಕಿಯ ಹತ್ತಿರ ಬಂದಾಗ ಮಾತ್ರ ಗೋಡೆಯ ಆಚೆ ಏನೋ ದೊಡ್ಡದು ಮಗ್ಗಲು ಬದಲಿಸಿದ ಹಾಗೆ ಅನ್ನಿಸುತ್ತಿತ್ತು. ಆದರೆ ಕಿಟಕಿಯಲ್ಲಿ ನಿಲ್ಲುವ ಹಾಗಿರಲಿಲ್ಲ, ತಿರುಗಿ ನಡೆಯಬೇಕು.

ಬೆತ್ತದವನು ಅವಳ ಪಕ್ಕದಲ್ಲಿ ನಡೆಯುತ್ತಿದ್ದ.

"ಒಳಗ ಹೆಂಗ ಕೇಳಸ್ತೈತವ್ವಾ?"

"ಗೊತ್ತಿಲ್ಲಣ್ಣಾ."

"ನುಡಿಸಾಕಿ ನೀನs, ನಿನಗ ಗೊತ್ತಿಲ್ಲೇನು?"

"ನಾ ಹೊರಗ ಅದೀನಲ್ಲ."

ಅವನು ಗೂಟದ ತನಕ ನಡೆದು ಅವಳ ಜೊತೆಗೇ ತಿರುಗಿದ. ಆಮೇಲೆ ಹೇಳಿದ: "ಅವತ್ತ ನಂಗೂ ಕಾಲು ಏಳಲಿಲ್ಲ. ಅದಕ್ಕs ಮೂರನೇ ಸಲ ಕೂಗೂದು ತಡ ಮಾಡಿದೆ. ಇನ್ನ ಒಂದು ಗಳಿಗೆ ತಡ ಮಾಡಿದ್ರ ನನ್ನ ದಾಟಸಾಕ ಯಾರರ ಬರಬೇಕಾಗಿತ್ತು."

"ನೀನೂ ಒಳಗ ಹೋಗಿ ಕುಂದರಣ್ಣಾ. ಓಣ್ಯಾಗ ಯಾರೂ ಇಲ್ಲ, ಕಾಯೂದಾದ್ರೂ ಯಾರನ್ನ?"

"ನೀ ಅದೀಯಲ್ಲ" ಎಂದ ಅವನು, ಹೊತ್ತು ಮುಳುಗುವ ತನಕ ಅವಳ ಜೊತೆಗೇ ನಡೆದ.

ಬಿಸಿಲು ಗೋಡೆಯ ತುದಿಯಿಂದ ಜಾರಿದಾಗ ಅವಳು ಬೆರಳು ಎತ್ತಿದಳು. ಒಳಗೆ ಬಹಳ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಬಾಗಿಲಿಂದ ಒಬ್ಬೊಬ್ಬರಾಗಿ ಹೊರಬಿದ್ದು, ಅವಳ ಪಕ್ಕದಲ್ಲಿ ಹಾದು, ನಡೆದುಹೋದರು. ತಮ್ಮ ತಮ್ಮಲ್ಲಿ ಮಾತಾಡುತ್ತಿದ್ದವರು ಅವಳ ಹತ್ತಿರ ಬರುತ್ತಲೇ ದನಿ ತಗ್ಗಿಸಿದರು. ಒಂದು ದೊಡ್ಡ ಹಬ್ಬದಿಂದ ಬಂದವರ ಮುಖ ಅವರದು. ಬೆತ್ತದವನನ್ನು ಬಿಟ್ಟರೆ ಆ ಹಬ್ಬಕ್ಕೆ ಹೋಗದವಳು ಊರಲ್ಲಿ ಅವಳೊಬ್ಬಳೇ.

ರೊಟ್ಟಿಯ ಮುದುಕಿ ಮಾತ್ರ ಅವಳ ತೋಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದಳು. "ನಡುವ ನನಗ ನಿದ್ದಿ ಬಂತು ಮಗಳ. ಎದ್ದು ಕಣ್ಣು ಬಿಟ್ಟೆ, ಆಗೂ ಇತ್ತು. ಹೋಗಿರಲಿಲ್ಲ. ಅದು ಚಲೋ ಅನ್ನಿಸ್ತು ನೋಡು."

ಮರುದಿನ ಬೆಳಿಗ್ಗೆ ತಂತಿಯವಳು ತಂತಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಪೆಟ್ಟಿಗೆಯನ್ನು ಬೆನ್ನಿಗೇರಿಸಿ ಹೊರಟಳು. ದಾನವ್ವ ಸೇತುವೆಯವರೆಗೆ ಬರುತ್ತೇನೆಂದಳು. ದಾರಿಯಲ್ಲಿ ಮುಂದಿನ ಊರಲ್ಲಿ ನೀರು ಹೇಗಿದೆಯೋ ಎಂದಳು. ಚಪ್ಪಲಿಯ ಉಂಗುಟ ಹರಿದಿದೆ, ಹೊಲಿಸಿಕೋ ಎಂದಳು. ಸೇತುವೆಯ ಮೊದಲ ಕಲ್ಲಿಗೆ ಕಾಲಿಟ್ಟಾಗ ಅವಳೇ ಶುರುಮಾಡಿದಳು.

"ಅಕ್ಕಾ, ಅದು ಬಂತು."

"ಯಾವುದು?"

"ಅವರು ನಿಂತಿದ್ದು. ಮಧ್ಯಾಹ್ನ ಆದ ಮ್ಯಾಲೆ ಬಂತು. ಬಂದ ಕೂಡಲೇ ಗೊತ್ತಾತು. ಇದಕ್ಕs ನಿಂತ್ರು ಅಂತ."

"ಹೆಂಗಿತ್ತು?"

"ನಾನಾಗಿದ್ರ ನಿಲ್ತಿರಲಿಲ್ಲ."

ಸೇತುವೆಯ ಕೆಳಗೆ ಹೊಳೆ ಹರಿಯುತ್ತಿತ್ತು. ಇಬ್ಬರೂ ನಡೆಯುತ್ತಿದ್ದರು.

"ಚಲೋ ಇತ್ತು" ಎಂದಳು ದಾನವ್ವ. "ಕೆಟ್ಟದ್ದಿತ್ತು ಅಂತಲ್ಲ. ಕೇಳಿ ಮುಂದ ಹೋಗ್ತಿದ್ದೆ. ಹನ್ನೆರಡು ವರ್ಷ ಅವರ ಜೋಡಿ ಒಂದs ಮನ್ಯಾಗ ಇದ್ದೆ. ಅವರ ಒಳಗ ಇಂಥಾದ್ದೊಂದು ಜಾಗ ಐತಿ ಅಂತ ನನಗ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ. ನಿನ್ನ ಮ್ಯಾಲಿನ ಸಿಟ್ಟು ಇಷ್ಟು ಇಳೀತು. ಪೂರಾ ಇಳಿದಿಲ್ಲ."

"ಪೂರಾ ಇಳೀಬಾರದು" ಎಂದಳು ತಂತಿಯವಳು.

ಅಷ್ಟರಲ್ಲಿ ಸೇತುವೆ ಮುಗಿದಿತ್ತು. ಸೇತುವೆಯೂ ಊರಿನ ಬೀದಿಯೇ. ಅಲ್ಲೂ ನಿಲ್ಲುವ ಹಾಗಿಲ್ಲ. ನಿಂತು ಒಬ್ಬರ ಕೈ ಒಬ್ಬರು ಹಿಡಿದು ಹೋಗಿಬರುತ್ತೇನೆ ಅನ್ನುವ ಹಾಗಿಲ್ಲ. ದಾನವ್ವ ತಿರುಗಿದಳು. ತಂತಿಯವಳೂ ತಿರುಗಿ ಅವಳ ಜೊತೆ ಊರಿನ ಕಡೆಗೆ ನಡೆದಳು. ಊರಿನ ತುದಿ ಮುಟ್ಟಿ ಇಬ್ಬರೂ ಮತ್ತೆ ಆಚೆ ದಡಕ್ಕೆ ತಿರುಗಿದರು.

"ನಿನ್ನ ಹೆಸರೇನಕ್ಕಾ? ಒಂಬತ್ತು ವರ್ಷ ಆತು, ಯಾರೂ ಕೇಳಲಿಲ್ಲ ನಾವು."

"ಹೊನ್ನಾಬಾಯಿ."

"ಹೊನ್ನಾಬಾಯಿ" ಎಂದಳು ದಾನವ್ವ, ಬೀಗದಲ್ಲಿ ಹೊಸ ಕೀಲಿಕೈ ತಿರುವಿ ನೋಡುವವಳ ಹಾಗೆ. "ಮೂರು ದಾರಿ ಅದಾವು ಅಲ್ಲಿ. ಯಾವುದಕ್ಕ ಹೋಗ್ತಿ?"

"ಅದನ್ನ ಕಾಲಿಗೆ ಬಿಟ್ಟೀನಿ."

"ಯಾವುದರಾಗರ ಅವರು ಸಿಕ್ರ, ನಾ ಕೇಳಿದೆ ಅಂತ ಹೇಳು. ಪೂರಾ ಕೇಳಿದ್ಲು ಅಂತ ಹೇಳು. ನಿಲ್ಲಲಿಲ್ಲ ಅಂತನೂ ಹೇಳು, ಸುಳ್ಳು ಯಾಕ."

"ಹೇಳ್ತೀನಿ."

ಮತ್ತೆ ತಿರುಗಿದರು. ಮತ್ತೆ ಆಚೆ ದಡಕ್ಕೆ, ಮತ್ತೆ ಊರಿನ ತುದಿಗೆ. ಮಾತು ತೀರಿಹೋಗಿತ್ತು. ತೀರಿದ ಮೇಲೂ ನಡೆದರು. ಬಿಸಿಲು ಏರಿತು. ಬಟ್ಟೆ ಒಗೆಯಲು ಬಂದವರು ಕೆಳಗಿನಿಂದ ತಲೆಯೆತ್ತಿ ನೋಡಿ, ನೋಡದವರ ಹಾಗೆ ಕೆಲಸಕ್ಕೆ ಬಗ್ಗಿದರು. ಆರು ಸಲ ಅವರು ಸೇತುವೆಯ ಉದ್ದಕ್ಕೆ ಹೋಗಿ ಬಂದರು. ಪ್ರತಿ ಸಲ ಆಚೆ ದಡ ಹತ್ತಿರವಾಗುವಾಗ ದಾನವ್ವನ ಹೆಜ್ಜೆ ಚಿಕ್ಕದಾಗುತ್ತಿತ್ತು, ತಂತಿಯವಳೂ ತನ್ನದನ್ನು ಚಿಕ್ಕದು ಮಾಡಿಕೊಳ್ಳುತ್ತಿದ್ದಳು.

ಏಳನೆಯ ಸಲ ಆಚೆ ದಡ ಬಂತು. ದಾನವ್ವ ತಿರುಗಿದಳು. ಪಕ್ಕದಲ್ಲಿ ಇನ್ನೊಂದು ಜೊತೆ ಹೆಜ್ಜೆ ತಿರುಗಲಿಲ್ಲ.

ಅವಳು ಹಿಂದೆ ನೋಡಲಿಲ್ಲ. ಬೆನ್ನ ಹಿಂದೆ ಮಣ್ಣಿನ ದಾರಿಯ ಮೇಲೆ ಹರಿದ ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು ಸ್ವಲ್ಪ ದೂರ ಕೇಳಿಸಿತು. ಆಮೇಲೆ ಹೊಳೆಯದು ಮಾತ್ರ ಉಳಿಯಿತು. ದಾನವ್ವ ಸೆರಗು ಬಿಗಿದುಕೊಂಡು, ಸೇತುವೆಯ ಕಲ್ಲುಗಳ ಮೇಲೆ ಒಬ್ಬಳೇ, ಊರಿನ ಕಡೆಗೆ ನಡೆದಳು.